ಅಜ್ಜನ ಕಾಲದ ಬಿಎಚ್‌ಸಿ ಪುಡಿ ಮಣ್ಣಲ್ಲಿ ಇನ್ನೂ ಇದೆಯಂತೆ. ಇದೆ ಅಂದರೆ ತರಕಾರಿಗೂ ಬರುತ್ತೆ ಅಂತಾನಾ?

ಕೊಪ್ಪದ ತೋಟಿಗ · ಭಾನುವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಪುರುಸೊತ್ತಿದ್ದವರು ಓದಿ.

ನಮ್ಮ ಮನೆ ಹಿಂದೆ ಅಜ್ಜನ ಕಾಲದ ಒಂದು ಮದ್ದಿನ ಕೋಣೆ ಇತ್ತು. ಗೊಬ್ಬರ, ಮೈಲುತುತ್ತ, ಸ್ಪ್ರೇ ಪಂಪು ಎಲ್ಲ ಅಲ್ಲೇ. ಅಡಿಕೆಯ ಬೇರುಹುಳಕ್ಕೆ, ಗೆದ್ದಲಿಗೆ ಅಂತ ಬಿಎಚ್‌ಸಿ ಪುಡಿಯ ಮೂಟೆಗಳೂ ಇದ್ದವು. ಡಿಡಿಟಿಯೂ ಇತ್ತು ಅಂತ ಅಪ್ಪ ಹೇಳ್ತಾರೆ. ಆ ಕೋಣೆಯ ಮುಗ್ಗಲು ವಾಸನೆ ನನಗೆ ಈಗಲೂ ನೆನಪಿದೆ. ಹೋದ ಮಳೆಗಾಲದಲ್ಲಿ ಗೋಡೆ ಬಿತ್ತು. ಉಳಿದದ್ದನ್ನೂ ಕೆಡವಿ ಜಾಗ ಮಟ್ಟ ಮಾಡಿದೆವು. ಅಮ್ಮನಿಗೆ ಅಲ್ಲಿ ತರಕಾರಿ ಹಿತ್ತಲು ಮಾಡಬೇಕು ಅಂತ ಆಸೆ.

ನನಗೆ ಯಾಕೋ ಅನುಮಾನ ಬಂದು ಮಣ್ಣು ಪರೀಕ್ಷೆಗೆ ಕಳಿಸಿದೆ. ವರದಿ ಹೀಗಿದೆ: ಡಿಡಿಇ 0.6, ಡಿಡಿಟಿ 0.1, ಬೀಟಾ ಎಚ್‌ಸಿಎಚ್ 0.3. ಎಲ್ಲ ಕಿಲೋಗೆ ಮಿಲಿಗ್ರಾಂ ಲೆಕ್ಕ. ಎಚ್‌ಸಿಎಚ್ ಅಂದರೆ ಬಿಎಚ್‌ಸಿಯದೇ ಇನ್ನೊಂದು ಹೆಸರಂತೆ. ಗಾಮಾ ಎಚ್‌ಸಿಎಚ್ ಪತ್ತೆಯಾಗಿಲ್ಲ. ಲ್ಯಾಬಿಗೆ ಫೋನ್ ಮಾಡಿದರೆ ಅಲ್ಲಿದ್ದವರು, "ಹಳೇ ಮಾಲು ಸಾರ್, ಮಣ್ಣಲ್ಲೇ ವಯಸ್ಸಾಗಿದೆ, ಬಯೋಅವೈಲಬಲ್ ಇರಲ್ಲ" ಅಂದು ಫೋನ್ ಇಟ್ಟರು. ಅಂದರೆ ಮಣ್ಣಲ್ಲಿ ಇದೆ, ಆದರೆ ಗಿಡಕ್ಕೆ, ಹುಳಕ್ಕೆ ಸಿಗಲ್ಲ. ಇದೆಂಥ ಮಾತು? ಅಮ್ಮ ಅಂತೂ "ಮಣ್ಣು ಅಲ್ವಾ, ತಾನೇ ಜೀರ್ಣ ಮಾಡ್ಕೊಳ್ಳುತ್ತೆ" ಅಂತ ಗುದ್ದಲಿ ಹಿಡಿದು ನಿಂತಿದ್ದಾರೆ.

ಬೆಂಗಳೂರು ಟೆರೇಸ್ · ಭಾನುವಾರ

ಅಯ್ಯೋ, ಆ ಮಣ್ಣನ್ನೆಲ್ಲ ತೆಗೆಸಿ ಬೇರೆ ಹಾಕಿಸಿ. ಸುಮ್ನೆ ರಿಸ್ಕ್ ಯಾಕೆ?

ಕೊಪ್ಪದ ತೋಟಿಗ · ಭಾನುವಾರ

ತೆಗೆದು ಎಲ್ಲಿಗೆ ಹಾಕಲಿ ಅಣ್ಣ? ಕೆಳಗೆ ನಮ್ಮದೇ ತೋಟ, ಅದರ ಕೆಳಗೆ ಪಕ್ಕದವರ ಗದ್ದೆ, ಅದರ ಕೆಳಗೆ ಹಳ್ಳ.

ಮಣ್ಣಿನ ಮೇಷ್ಟ್ರು · ಭಾನುವಾರ ಸಂಜೆ

ಮಣ್ಣು ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು ನಾನು. ಲ್ಯಾಬಿನವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಆದರೆ ಅರ್ಧ ಹೇಳಿ ಫೋನ್ ಇಟ್ಟಿದ್ದಾರೆ.

ಮೊದಲು ನಿಮ್ಮ ವರದಿ. ಡಿಡಿಟಿ ಮಣ್ಣಿನಲ್ಲಿ ನಿಧಾನಕ್ಕೆ ಡಿಡಿಇ ಆಗುತ್ತದೆ. ನಿಮ್ಮಲ್ಲಿ ಡಿಡಿಇ ಜಾಸ್ತಿ, ಡಿಡಿಟಿ ಕಡಿಮೆ. ಅಂದರೆ ನಿಜಕ್ಕೂ ಹಳೆಯದು. ಇತ್ತೀಚೆಗೆ ಯಾರೋ ಹಾಕಿದ್ದಾದರೆ ಲೆಕ್ಕ ಉಲ್ಟಾ ಇರುತ್ತಿತ್ತು. ಬಿಎಚ್‌ಸಿ ಕಥೆಯೂ ಅದೇ. ಆಲ್ಫಾ, ಬೀಟಾ, ಗಾಮಾ ಅಂದರೆ ಅದೇ ವಸ್ತುವಿನ ಬೇರೆ ಬೇರೆ ರೂಪಗಳು. ಆ ಪುಡಿಯಲ್ಲಿ ಹುಳ ಕೊಲ್ಲುತ್ತಿದ್ದ ಗಾಮಾ ಇದ್ದದ್ದು ನೂರಕ್ಕೆ 10ರಿಂದ 15 ಮಾತ್ರ. ಉಳಿದದ್ದು ಹೆಚ್ಚಾಗಿ ಆಲ್ಫಾ, ಸ್ವಲ್ಪ ಬೀಟಾ. ಗಾಮಾ, ಆಲ್ಫಾ ಹೋಗಿಬಿಡುತ್ತವೆ. ಬೀಟಾ ಮಹಾ ಹಠಮಾರಿ, ಕೊನೆಗೆ ಉಳಿಯುವುದು ಅದೇ. ಬೇಸಾಯಕ್ಕೆ ಡಿಡಿಟಿ ಬಳಸುವುದನ್ನು ಸರ್ಕಾರ 1989ರಲ್ಲಿ ನಿಲ್ಲಿಸಿತು, ಬಿಎಚ್‌ಸಿ 1997ರಲ್ಲಿ ಬಂದ್ ಆಯಿತು. ಆ ಲೆಕ್ಕಕ್ಕೂ ನಿಮ್ಮ ವರದಿ ಕೂಡುತ್ತದೆ.

ಈಗ "ವಯಸ್ಸಾಗುವುದು" ಅಂದರೇನು? ಮನೆಯಲ್ಲಿ ಮಿಡಿ ಉಪ್ಪಿನಕಾಯಿ ಹಾಕುತ್ತೀರಲ್ಲ. ಮಿಡಿಗೆ ಉಪ್ಪು ಬೆರೆಸಿದ ದಿನವೇ ತೊಳೆದರೆ ಉಪ್ಪೆಲ್ಲ ಹೋಗುತ್ತದೆ. ಆರು ತಿಂಗಳು ಬಿಟ್ಟು ತೊಳೆಯಿರಿ ನೋಡೋಣ. ಸಿಪ್ಪೆಯ ಮೇಲಿನದು ಹೋಗುತ್ತದೆ, ಗೊರಟಿನವರೆಗೆ ಇಳಿದದ್ದು ಹೋಗಲ್ಲ. ಮಣ್ಣಿನಲ್ಲೂ ಹೀಗೇ. ಪುಡಿ ಬಿದ್ದ ಹೊಸದರಲ್ಲಿ ಕಣಗಳ ಮೈಮೇಲೆ ಇರುತ್ತದೆ. ನೀರಿಗೂ ಸಿಗುತ್ತದೆ, ಹುಳಕ್ಕೂ ಸಿಗುತ್ತದೆ. ವರ್ಷ ಕಳೆದ ಹಾಗೆ ಎರಡು ಕಡೆ ಒಳಗೆ ಸರಿಯುತ್ತದೆ. ಒಂದು, ಕೊಳೆತ ಎಲೆ, ಬೇರುಗಳಿಂದ ಆದ ಹ್ಯೂಮಸ್ ಒಳಗೆ. ಡಿಡಿಟಿಗೆ ನೀರು ಕಂಡರೆ ಆಗಲ್ಲ, ಜಿಡ್ಡಿನಂಥದ್ದು ಕಂಡರೆ ಇಷ್ಟ. ಹ್ಯೂಮಸ್ ಹೊಕ್ಕರೆ ಸುಲಭಕ್ಕೆ ಹೊರಗೆ ಬರಲ್ಲ. ಎರಡು, ಕಣದೊಳಗಿನ ಸಣ್ಣ ಸಣ್ಣ ರಂಧ್ರಗಳಿಗೆ. ಒಂದು ಬ್ಯಾಕ್ಟೀರಿಯಾದ ಗಾತ್ರ ಸುಮಾರು ಒಂದು ಮೈಕ್ರೋಮೀಟರ್. ಆ ರಂಧ್ರಗಳಲ್ಲಿ ಎಷ್ಟೋ ಅದರ ನೂರನೇ ಒಂದು ಪಾಲು. ಔಷಧಿಯ ಅಣು ಒಳಗೆ ಹೋಗುತ್ತದೆ, ಅದನ್ನು ತಿನ್ನಬೇಕಾದ ಬ್ಯಾಕ್ಟೀರಿಯಾ ಬಾಗಿಲಲ್ಲೇ ನಿಲ್ಲುತ್ತದೆ.

ಅದಕ್ಕೇ ಡಿಡಿಟಿ ಮೊದಲು ಸರ್ರನೆ ಇಳಿದು ಆಮೇಲೆ ವರ್ಷಗಟ್ಟಲೆ ಹಾಗೇ ಕೂತುಬಿಡುವುದು. ಅಮೆರಿಕದಲ್ಲಿ 1967ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 17 ವರ್ಷದ ಮೇಲೂ ಮಣ್ಣಿಗೆ ಹಾಕಿದ ಡಿಡಿಟಿಯ ನೂರಕ್ಕೆ 39 ಪಾಲು ಉಳಿದಿತ್ತು.

ಬೋರರ್ ಕಾಟದವಳು · ಭಾನುವಾರ ರಾತ್ರಿ

ಮೇಷ್ಟ್ರೇ, ಉಪ್ಪಿನಕಾಯಿ ಲೆಕ್ಕ ಚೆನ್ನಾಗಿದೆ. ಆದರೆ ಉಪ್ಪು ಜಾಸ್ತಿ ಆದ ಮಿಡಿಯನ್ನು ನೀರಲ್ಲಿ ನೆನೆಸಿಟ್ಟರೆ ಉಪ್ಪು ಬಿಡುತ್ತಲ್ಲ? ಮಲೆನಾಡಲ್ಲಿ ನಾಲ್ಕು ತಿಂಗಳು ಮಣ್ಣು ನೆನೆಯುತ್ತೇ ಇರುತ್ತೆ.

ನಮ್ಮದು ಮೂಡಿಗೆರೆ ಕಡೆ ಕಾಫಿ ತೋಟ. ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕ ಬಂದರೆ ಕಾಂಡಕ್ಕೆ ಲಿಂಡೇನ್ ಬಳಿಯುತ್ತಿದ್ದೆವು. ಲಿಂಡೇನ್ ಅಂದರೆ ನೀವು ಹೇಳಿದ ಗಾಮಾನೇ, ಶುದ್ಧ ಮಾಡಿದ್ದು. 2013ರವರೆಗೂ ಬಳಸಲು ಬಿಟ್ಟಿದ್ದರು. ನಮ್ಮ ಮಣ್ಣಲ್ಲೂ ಇರಬಹುದು ಅಂತಾಯ್ತು.

ಮಣ್ಣಿನ ಮೇಷ್ಟ್ರು · ಸೋಮವಾರ ಬೆಳಿಗ್ಗೆ

ಒಳ್ಳೆ ಪ್ರಶ್ನೆ ಕೇಳಿದ್ರಿ ತಾಯೀ. ನೆನೆಸಿದರೆ ಬಿಡುತ್ತದೆ, ಆದರೆ ನಿಧಾನಕ್ಕೆ. ಬಿಡುವುದರಲ್ಲೂ ಎರಡು ಪಾಲು. ಒಂದಷ್ಟು ಬೇಗ ಬಿಟ್ಟುಕೊಡುತ್ತದೆ, ಇನ್ನೊಂದಷ್ಟು ತಿಂಗಳು, ವರ್ಷ ತೆಗೆದುಕೊಂಡು ಒಸರುತ್ತದೆ. ವಯಸ್ಸಾದಂತೆ ಮೊದಲ ಪಾಲು ಕರಗಿ ಎರಡನೆಯದೇ ಉಳಿಯುತ್ತದೆ. ಹಾಗಾಗಿ "ಸಿಗಲ್ಲ" ಅನ್ನುವುದಕ್ಕಿಂತ "ತಡವಾಗಿ, ಸ್ವಲ್ಪಸ್ವಲ್ಪ ಸಿಗುತ್ತೆ" ಅನ್ನುವುದು ಸರಿ.

ಅಮೆರಿಕದ ಕನೆಕ್ಟಿಕಟ್ ರಾಜ್ಯದ ಒಂದು ಪ್ರಸಂಗ ಕೇಳಿ. ಅಲ್ಲಿ ತಂಬಾಕಿನ ಹೊಲಗಳಿಗೆ ಇಡಿಬಿ ಅಂತ ಒಂದು ಹೊಗೆಮದ್ದು ಹಾಕುತ್ತಿದ್ದರು. ಅದು ಆವಿಯಾಗಿ ಹಾರಿಹೋಗುವ ಜಾತಿಯದ್ದು, ಬ್ಯಾಕ್ಟೀರಿಯಾಗಳೂ ತಿನ್ನುತ್ತವೆ. ಮಣ್ಣಲ್ಲಿ ಉಳಿಯುವ ಮಾತೇ ಇಲ್ಲ ಅಂದುಕೊಂಡಿದ್ದರು. ನೋಡಿದರೆ ಕೊನೆಯ ಸಲ ಹಾಕಿ 19 ವರ್ಷ ಆದ ಹೊಲದಲ್ಲೂ ಸಿಕ್ಕಿತು. 1987ರಲ್ಲಿ ಪ್ರಕಟಿಸಿದರು. ಅದೇ ಮಣ್ಣಿಗೆ ಹೊಸದಾಗಿ ಇಡಿಬಿ ಬೆರೆಸಿದರೆ ಬ್ಯಾಕ್ಟೀರಿಯಾಗಳು ಗಬಗಬ ತಿಂದು ಮುಗಿಸುತ್ತಿದ್ದವು. ಹಳೆಯದನ್ನು ಮುಟ್ಟುತ್ತಲೇ ಇರಲಿಲ್ಲ. ಮಣ್ಣಿನ ಕಣಗಳನ್ನು ಯಂತ್ರಕ್ಕೆ ಹಾಕಿ ನುಣ್ಣಗೆ ಅರೆದಾಗ ಅದು ಹೊರಬಂತು. ಒಳಗೆ ಸಿಕ್ಕಿಹಾಕಿಕೊಂಡಿದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಲಿಂಡೇನ್ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ, ಅದು ಬೀಟಾನಷ್ಟು ಗಟ್ಟಿಯಲ್ಲ. ನೀರು ನಿಂತ ಗದ್ದೆಯಲ್ಲಂತೂ ಬೇಗ ಒಡೆಯುತ್ತದೆ. ಫಿಲಿಪ್ಪೀನ್ಸ್‌ನ ಭತ್ತ ಸಂಶೋಧನಾ ಸಂಸ್ಥೆಯವರು 1966ರಲ್ಲೇ ಇದನ್ನು ತೋರಿಸಿದ್ದರು. ತೋಟಿಗರ ಮದ್ದಿನ ಕೋಣೆಯ ಕಥೆ ಬೇರೆ. ಸೂರಿನ ಕೆಳಗೆ ಒಣಗಿಕೊಂಡು, ಬಿಸಿಲು ಮಳೆ ಕಾಣದೆ ಮಲಗಿದ್ದ ಮಣ್ಣು ಅದು.

ಗಡಿನಾಡಿನವ · ಸೋಮವಾರ ಮಧ್ಯಾಹ್ನ

ನಾನು ಪೆರ್ಲದ ಹತ್ತಿರದವ, ಕಾಸರಗೋಡು ಜಿಲ್ಲೆ. ಈ "ವಯಸ್ಸಾಗಿದೆ, ಸಿಗುವುದಿಲ್ಲ" ಎಂಬ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ ಮಾರಾಯ್ರೆ. ಕ್ಷಮಿಸಿ.

ನಮ್ಮ ಗುಡ್ಡದ ಮೇಲೆ ಗೇರು ತೋಟ. 2000ದವರೆಗೂ ಹೆಲಿಕಾಪ್ಟರ್‌ನಲ್ಲಿ ಎಂಡೋಸಲ್ಫಾನ್ ಸುರಿದರು. ಕೆಳಗೆ ನಮ್ಮ ಮನೆ, ನಮ್ಮ ಸುರಂಗ. ಸುರಂಗ ಎಂದರೆ ಗೊತ್ತುಂಟಲ್ಲ, ಗುಡ್ಡವನ್ನು ಅಡ್ಡ ಕೊರೆದು ನೀರು ತರುವುದು. ಆ ಗುಡ್ಡದ ಮಣ್ಣಲ್ಲೇ ಸೋಸಿ ಬಂದ ನೀರನ್ನು ನಾವು ಕುಡಿದದ್ದು. ಆಗಲೂ ಕೋಟು ಹಾಕಿದವರು ಬಂದು "ಮಣ್ಣಿಗೆ ಅಂಟಿಕೊಳ್ಳುತ್ತದೆ, ನೀರಿಗೆ ಬರುವುದಿಲ್ಲ" ಎಂದೇ ಹೇಳಿದರು. ಸುಪ್ರೀಂ ಕೋರ್ಟು ನಿಲ್ಲಿಸಿದ್ದು 2011ರ ಮೇ ತಿಂಗಳಲ್ಲಿ. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಎಂದು ಅದೇ ಕೋರ್ಟು ಹೇಳಬೇಕಾಯಿತು. ಈಗ ಯಾರಾದರೂ "ಹಳೆಯದಾಯಿತು, ಇನ್ನು ತೊಂದರೆ ಇಲ್ಲ" ಎಂದರೆ ಎಂತ ಹೇಳುವುದು?

ಮಣ್ಣಿನ ಮೇಷ್ಟ್ರು · ಸೋಮವಾರ ಸಂಜೆ

ನಿಮ್ಮ ಸಿಟ್ಟು ನ್ಯಾಯವಾದದ್ದು. ಎರಡು ಮಾತು ಒಪ್ಪುತ್ತೇನೆ.

ಒಂದು. ಇದು ಹಳೆಯದಾದ ಉಳಿಕೆಯ ಮಾತು. ಹೆಲಿಕಾಪ್ಟರಿನಿಂದ ಸುರಿದ ದಿನ, ವಾರ, ತಿಂಗಳಿಗೆ ಇದು ಲಗಾವಾಗಲ್ಲ. ಆಗ ಅದು ಎಲೆಯ ಮೇಲೆ, ಗಾಳಿಯಲ್ಲಿ, ನೀರಲ್ಲಿ, ಎಲ್ಲ ಕಡೆ ಇರುತ್ತದೆ. ಆ ಹೊತ್ತಿನಲ್ಲಿ ಆದ ಹಾನಿಯನ್ನು ಈಗ "ಮಣ್ಣು ಹಿಡಿದಿಟ್ಟುಕೊಂಡಿದೆ" ಅಂತ ಒರೆಸಲು ಬರಲ್ಲ.

ಎರಡು. ಎಂಡೋಸಲ್ಫಾನ್‌ನಲ್ಲಿ ಆಲ್ಫಾ, ಬೀಟಾ ಅಂತ ಎರಡು ಭಾಗ. ಆಲ್ಫಾ ಬೇಗ ಹೋಗುತ್ತದೆ, ಬೀಟಾ ತಡ. ಮಣ್ಣಲ್ಲಿ ಅದು ಎಂಡೋಸಲ್ಫಾನ್ ಸಲ್ಫೇಟ್ ಆಗುತ್ತದೆ. ಅದು ಮೂಲದಷ್ಟೇ ವಿಷ, ಬಾಳಿಕೆ ಇನ್ನೂ ಜಾಸ್ತಿ. ಸಲ್ಫೇಟ್ ಬಿಟ್ಟು ಬರೀ ಆಲ್ಫಾ, ಬೀಟಾ ಅಳೆದು "ಕಡಿಮೆಯಾಗಿದೆ" ಅಂದರೆ ಅದು ಮೋಸದ ಲೆಕ್ಕ.

ರೈನ್ ದಂಡೆಯವ · ಸೋಮವಾರ ರಾತ್ರಿ

ನಾನು ಧಾರವಾಡದವನು, ಈಗ ಜರ್ಮನಿಯಲ್ಲಿ ಇದೇ ಕೆಲಸ. ನಾನಿರುವ ಊರಿಂದ ಯೂಲಿಶ್ ಹೆಚ್ಚು ದೂರವಿಲ್ಲ. ಅಲ್ಲಿನ ಸಂಶೋಧನಾ ಕೇಂದ್ರದಲ್ಲಿ ದೊಡ್ಡ ತೊಟ್ಟಿಗಳಲ್ಲಿ ಹೊಲದ ಮಣ್ಣು ತುಂಬಿ ಬಯಲಲ್ಲಿ ಇಟ್ಟಿದ್ದರು. ಅದಕ್ಕೆ ಅಟ್ರಜಿನ್ ಕಳೆನಾಶಕ ಹಾಕಿದ್ದರು. 22 ವರ್ಷ ಬಿಟ್ಟು ತೆಗೆದು ನೋಡಿದರೆ ಅಟ್ರಜಿನ್ ಇನ್ನೂ ಇತ್ತು. ಜರ್ಮನಿಯಲ್ಲಿ ಅದು 1991ರಲ್ಲೇ ನಿಷೇಧ.

ಗಡಿನಾಡಿನವರ ಸಿಟ್ಟಿಗೆ ಒಂದು ಹಿನ್ನೆಲೆ ಇದೆ. ಈ "ವಯಸ್ಸಾಗುವ" ವಿಷಯವನ್ನು ಮುಂದೆ ತಂದವರಲ್ಲಿ ಮುಖ್ಯರು ಕಾರ್ನೆಲ್ ವಿಶ್ವವಿದ್ಯಾಲಯದ ಮಾರ್ಟಿನ್ ಅಲೆಕ್ಸಾಂಡರ್. ಅವರ ಪ್ರಯೋಗಾಲಯದಲ್ಲಿ ಡಿಡಿಟಿ ಮತ್ತು ಅದರಂಥದ್ದೇ ಹಳೇ ಕೀಟನಾಶಕ ಡೀಲ್ಡ್ರಿನ್ ಬೆರೆಸಿದ ಮಣ್ಣನ್ನು ಹಳೆಯದಾಗಲು ಬಿಟ್ಟು, ಅದರ ಮೇಲೆ ನೊಣ, ಜಿರಳೆ ಬಿಟ್ಟು ನೋಡಿದರು. ದಿನ ಕಳೆದಂತೆ ಹುಳಗಳು ಸಾಯುವುದು ಕಡಿಮೆಯಾಯಿತು. ಮಣ್ಣಲ್ಲಿ ರಾಸಾಯನಿಕ ಮಾತ್ರ ಬಹುಪಾಲು ಹಾಗೇ ಇತ್ತು. 1998ರ ಪ್ರಬಂಧ ಅದು. 2000ದಲ್ಲಿ ಅವರು ಇನ್ನೂ ಮುಂದೆ ಹೋಗಿ, ಲ್ಯಾಬಿನ ಒಟ್ಟು ಅಂಕಿ ಹಿಡಿದು ಅಪಾಯ ಅಳೆದರೆ ಅಪಾಯ ದೊಡ್ಡದಾಗಿ ಕಾಣುತ್ತದೆ ಅಂತ ಬರೆದರು.

ಮಾತು ಸರಿ. ಲ್ಯಾಬಿನಲ್ಲಿ ಏನು ಮಾಡುತ್ತಾರೆ? ಹೆಕ್ಸೇನ್, ಅಸಿಟೋನ್ ಥರದ ದ್ರಾವಕ ಹಾಕಿ ಮಣ್ಣಲ್ಲಿರುವುದನ್ನೆಲ್ಲ ಹಿಂಡಿ ತೆಗೆಯುತ್ತಾರೆ. ಎರೆಹುಳದ ಹೊಟ್ಟೆಯಲ್ಲಿ ಹೆಕ್ಸೇನ್ ಇರಲ್ಲವಲ್ಲ! ಅದೇ ತಂಡ 49 ವರ್ಷ ಹಳೆಯ ಡಿಡಿಟಿ ಮಣ್ಣಲ್ಲಿ ಎರೆಹುಳ ಬಿಟ್ಟಾಗ, ಹೊಸದಾಗಿ ಬೆರೆಸಿದ ಮಣ್ಣಿಗಿಂತ ಕಡಿಮೆ ಪಾಲು ಹುಳದ ಮೈಗೆ ಸೇರಿತು. ಕಡಿಮೆ, ಆದರೆ ಸೊನ್ನೆಯಲ್ಲ. ತೊಂದರೆ ಎಲ್ಲಿ ಅಂದರೆ, ಸ್ವಚ್ಛ ಮಾಡುವ ಖರ್ಚು ತಪ್ಪಿಸಿಕೊಳ್ಳಬೇಕಾದವರಿಗೆ ಈ ವಾದ ಬಹಳ ಸಿಹಿ. "ಸೊನ್ನೆಯಲ್ಲ" ಅನ್ನುವ ಪದ ಅವರ ಬಾಯಲ್ಲಿ ಬಿದ್ದುಹೋಗುತ್ತದೆ.

ಬೆಂಗಳೂರು ಟೆರೇಸ್ · ಸೋಮವಾರ ರಾತ್ರಿ

ಹಾಗಾದ್ರೆ ಕೊನೆಗೆ ಸಿಗುತ್ತೋ ಇಲ್ವೋ? ತಲೆ ಗಿರ್ ಅಂತಿದೆ.

ರೈನ್ ದಂಡೆಯವ · ಮಂಗಳವಾರ

"ಯಾರಿಗೆ" ಅಂತ ಕೇಳದೆ ಉತ್ತರ ಕೊಡಲು ಬರಲ್ಲ. ನನಗೆ ಇದು ತಲೆಗೆ ಹೋದದ್ದು ಮಾರ್ಟಿನಿಕ್, ಗ್ವಾಡೆಲೂಪ್ ಕಥೆ ಓದಿದ ಮೇಲೆ. ಕೆರಿಬಿಯನ್ ಸಮುದ್ರದಲ್ಲಿರುವ ಫ್ರಾನ್ಸಿನ ದ್ವೀಪಗಳು ಅವು. ಬಾಳೆಯ ಗೆಡ್ಡೆ ಕೊರೆಯುವ ಮೂತಿಹುಳಕ್ಕೆ 1972ರಿಂದ 1993ರವರೆಗೆ ಕ್ಲೋರ್ಡೆಕೋನ್ ಅನ್ನುವ ಪುಡಿ ಹಾಕಿದರು. ಅದು ಒಡೆಯುವುದೇ ಇಲ್ಲ ಅನ್ನಬಹುದು. ಬಾಳೆ ಹೋಯಿತು, ಪುಡಿ ಉಳಿಯಿತು. ಈಗ ಅದೇ ಹೊಲದಲ್ಲಿ ಗೆಣಸು, ಕೆಸು ಬೆಳೆದರೆ ಗೆಡ್ಡೆಗೆ ಬರುತ್ತದೆ.

ಅಲ್ಲಿ ಎರಡು ಥರದ ಮಣ್ಣಿದೆ. ಒಂದು ಜ್ವಾಲಾಮುಖಿ ಬೂದಿಯಿಂದ ಆದ ಆಂಡೋಸಾಲ್. ಅದರ ಜೇಡಿ ಸ್ಪಂಜಿನ ಹಾಗೆ, ಒಳಗೆಲ್ಲ ಸುತ್ತುಬಳಸು ದಾರಿ. ಇನ್ನೊಂದು ನಿಟಿಸಾಲ್, ನಮ್ಮ ಕೆಮ್ಮಣ್ಣಿನ ದೂರದ ನೆಂಟ ಅನ್ನಿ. ಲ್ಯಾಬಿನಲ್ಲಿ ಅಳೆದರೆ ಆಂಡೋಸಾಲ್‌ನಲ್ಲೇ ವಿಷ ಜಾಸ್ತಿ. ಬೆಳೆಗೆ ಬರುವುದು ನೋಡಿದರೆ ನಿಟಿಸಾಲ್‌ನಲ್ಲಿ ಜಾಸ್ತಿ! ಸ್ಪಂಜು ಜಾಸ್ತಿ ಹಿಡಿದಿದೆ, ಕಡಿಮೆ ಬಿಡುತ್ತದೆ. ಬರೀ ಮಣ್ಣಿನ ಅಂಕಿ ನೋಡಿ ಯಾವ ಹೊಲದಲ್ಲಿ ಗೆಣಸು ಹಾಕಬೇಕು ಅಂತ ತೀರ್ಮಾನಿಸಿದ್ದರೆ ತಲೆಕೆಳಗಾಗುತ್ತಿತ್ತು. ಕಾಂಪೋಸ್ಟ್ ಬೆರೆಸಿದಾಗ ಗೆಡ್ಡೆಗೆ ಬರುವುದು ಇನ್ನೂ ಕಡಿಮೆಯಾಯಿತು.

ಇಲ್ಲಿಯವರೆಗೆ ಎಲ್ಲ ಪಾಠದ ಪ್ರಕಾರ. ಆಮೇಲೆ ಅದೇ ಎರಡು ಮಣ್ಣನ್ನು ಕೋಳಿಗೆ, ಹಂದಿಮರಿಗೆ, ಕುರಿಮರಿಗೆ ತಿನ್ನಿಸಿ ನೋಡಿದರು. ಆಂಡೋಸಾಲ್ ಆದರೂ ಅಷ್ಟೇ, ನಿಟಿಸಾಲ್ ಆದರೂ ಅಷ್ಟೇ. ಎಣ್ಣೆಯಲ್ಲಿ ಕಲಸಿ ಕೊಟ್ಟಷ್ಟೇ ಮೈಗೆ ಹತ್ತಿತು! ಬೇರಿಗೆ ಬಿಡದ ಬೀಗ ಹೊಟ್ಟೆಯ ಪಿತ್ತರಸಕ್ಕೆ ತೆರೆದುಕೊಂಡಿತು.

ಬೋರರ್ ಕಾಟದವಳು · ಮಂಗಳವಾರ

ಅಬ್ಬಾ. ತೋಟಿಗರೇ, ನಿಮ್ಮ ಮನೇಲಿ ಕೋಳಿ ಇದ್ಯಾ?

ಕೊಪ್ಪದ ತೋಟಿಗ · ಮಂಗಳವಾರ

ಇದೆ ಅಕ್ಕ. ಹನ್ನೊಂದು ನಾಟಿ ಕೋಳಿ. ಇಡೀ ದಿನ ಕೆದಕುವುದು ಅದೇ ಜಾಗದಲ್ಲಿ, ಹೊಸದಾಗಿ ಮಟ್ಟ ಮಾಡಿದ ಮಣ್ಣಲ್ವಾ. ಮೊಟ್ಟೆ ನಮ್ಮ ಮನೆ ಮಕ್ಕಳೇ ತಿನ್ನೋದು. ತರಕಾರಿ ಬಗ್ಗೆ ಕೇಳಲು ಬಂದವನು ನಾನು, ಮೊಟ್ಟೆ ನೆನಪೇ ಆಗಿರಲಿಲ್ಲ.

ಮಣ್ಣಿನ ಮೇಷ್ಟ್ರು · ಮಂಗಳವಾರ

ಇವತ್ತೇ ಬೇಲಿ ಹಾಕಿ. ಕೆದಕುವ ಕೋಳಿಯ ಹೊಟ್ಟೆಗೆ ದಿನಕ್ಕೆ ಕೆಲವು ಗ್ರಾಂ ಮಣ್ಣು ಹೋಗುತ್ತದೆ. ಡಿಡಿಇ, ಬೀಟಾ ಎಚ್‌ಸಿಎಚ್ ಎರಡೂ ಕೊಬ್ಬಿಗೆ ಅಂಟುವಂಥವು, ನೇರ ಹಳದಿಗೆ ಹೋಗುತ್ತವೆ. ಮೇಯುವ ದನಕ್ಕೂ ಇದೇ ಮಾತು. ಬೇಸಗೆಯಲ್ಲಿ ಹುಲ್ಲು ಗಿಡ್ಡ ಇದ್ದಾಗ ದನ ಬೇರು ಸಮೇತ ಎಳೆದು ಮಣ್ಣು ತಿನ್ನುತ್ತದೆ. ಆಡುವ ಮಕ್ಕಳ ಕೈ ಬಾಯಿಯ ವಿಷಯ ನಾನು ಹೇಳಬೇಕಿಲ್ಲ.

ಸಾವಯವ ಸಂತೆ · ಬುಧವಾರ

ನಾನು ಸಾವಯವ ತರಕಾರಿ ಮಾರುವವನು. ಪ್ರಮಾಣಪತ್ರಕ್ಕೆ ದೀರ್ಘಾವಧಿ ಬೆಳೆಗಾದರೆ 3 ವರ್ಷ ರಾಸಾಯನಿಕ ಹಾಕದೆ ಇರಬೇಕು. ಆದರೆ 30 ವರ್ಷ ಹಿಂದಿನ ಡಿಡಿಟಿಗೆ ಈ 3 ವರ್ಷ ಯಾವ ಲೆಕ್ಕ? ತೋಟಿಗರು ಏನು ಬೆಳೆಯಬಹುದು ಅಂತ ಯಾರಾದರೂ ನೇರವಾಗಿ ಹೇಳಿ. ಸೌತೆ, ಕುಂಬಳ ಹಾಕಬಹುದಲ್ವಾ? ನೆಲದ ಮೇಲೆ ಹರಡಿಕೊಂಡು ಮಣ್ಣು ಮುಚ್ಚುತ್ತವೆ.

ರೈನ್ ದಂಡೆಯವ · ಬುಧವಾರ

ದಯವಿಟ್ಟು ಬೇಡ! ಎಲ್ಲ ಬಿಟ್ಟು ಅದೇ ಜಾತಿ ಬೇಡ.

ಡಿಡಿಇ ಮಣ್ಣಿಂದ ಬೇರಿಗೆ, ಬೇರಿಂದ ಕಾಂಡಕ್ಕೆ ಏರುವುದು ಹೆಚ್ಚಿನ ಗಿಡಗಳಲ್ಲಿ ಬಹಳ ಕಡಿಮೆ. ಕುಂಬಳದ ಕುಟುಂಬ ಮಾತ್ರ ಇದಕ್ಕೆ ಅಪವಾದ. ಅದರಲ್ಲೂ ಜುಕಿನಿ, ಸೌತೆಕಾಯಿಯ ಹಾಗೆ ಕಾಣುವ ಒಂದು ಕುಂಬಳ. ಮೇಷ್ಟ್ರು ಇಡಿಬಿ ಕಥೆ ಹೇಳಿದರಲ್ಲ, ಅದೇ ಕನೆಕ್ಟಿಕಟ್‌ನಲ್ಲಿ ಇದನ್ನು ವರ್ಷಗಟ್ಟಲೆ ನೋಡಿದ್ದಾರೆ. ದಶಕಗಳಷ್ಟು ಹಳೆಯ ಡಿಡಿಇಯನ್ನೂ ಜುಕಿನಿ ಬೇರು ಎಳೆದುಕೊಂಡು ಕಾಂಡಕ್ಕೆ, ಕಾಯಿಗೆ ಕಳಿಸುತ್ತದೆ. ಬೇರು ಬಿಡುವ ಸಿಟ್ರಿಕ್ ಆಮ್ಲದಂಥವು ಮಣ್ಣಿನ ಕಣಗಳ ಕಟ್ಟು ಸಡಿಲಿಸುತ್ತವೆ, ಒಳಗಿದ್ದದ್ದು ಬಿಡುಗಡೆಯಾಗುತ್ತದೆ ಅನ್ನುವುದು ಅವರು ಕೊಟ್ಟ ಒಂದು ವಿವರಣೆ. ಎರೆಹುಳಕ್ಕೆ ಕಷ್ಟಪಟ್ಟು ಸಿಗುವುದು ಜುಕಿನಿಗೆ ಸುಲಭ.

ಜಪಾನ್‌ನಲ್ಲಿ ಡೀಲ್ಡ್ರಿನ್ 1970ರ ದಶಕದಲ್ಲೇ ನಿಂತಿತ್ತು. ಆದರೆ 2000ದ ಈಚೆಗೆ ಟೋಕಿಯೋ ಸುತ್ತಲಿನ ಸೌತೆಕಾಯಲ್ಲಿ ಮಿತಿ ಮೀರಿ ಸಿಕ್ಕಿತು. ಅವರು ಸೌತೆಯನ್ನು ಕುಂಬಳದ ಬೇರಿನ ಮೇಲೆ ಕಸಿ ಕಟ್ಟಿ ಬೆಳೆಯುತ್ತಾರೆ. ಕಡಿಮೆ ಹೀರುವ ಕುಂಬಳದ ತಳಿ ಹುಡುಕಿ ಕಸಿ ಕಟ್ಟಿದರೆ ಕಾಯಿಗೆ ಬರುವುದು ಇಳಿಯುತ್ತದೆ ಅಂತ ಕಂಡುಕೊಂಡರು.

ನಮ್ಮ ಸಿಹಿಕುಂಬಳ ಹೆಚ್ಚಾಗಿ ಜುಕಿನಿಯ ಜಾತಿಯಲ್ಲ, ಅದರ ದಾಯಾದಿ. ಅಷ್ಟು ಹೀರುವುದಿಲ್ಲ. ಆದರೂ ಈ ಜಾಗದಲ್ಲಿ ನಾನಾದರೆ ಹಾಕಲ್ಲ.

ಗಡಿನಾಡಿನವ · ಬುಧವಾರ

ಸಿಹಿಕುಂಬಳ ಎಂದರೆ ನಮ್ಮ ಚೀನಿಕಾಯಿ ಅಲ್ವಾ? ಅದರ ಬಳ್ಳಿ ಇಲ್ಲದ ಹಿತ್ತಲು ನಮ್ಮಲ್ಲಿ ಇಲ್ಲ.

ನನ್ನದೊಂದು ಸಂಶಯ. ತರಕಾರಿ ಸಾಲಿಗೆ ನಾವು ಸುಡುಮಣ್ಣು ಹಾಕುವ ಕ್ರಮ ಉಂಟು. ತರಗೆಲೆ, ಕಡ್ಡಿ ಒಟ್ಟಿ ಮೇಲೆ ಮಣ್ಣು ಹಾಕಿ ಸುಡುವುದು. ಇಂಥ ಮಣ್ಣನ್ನು ಹಾಗೆ ಸುಟ್ಟರೆ ವಿಷ ಹೋಗುವುದಿಲ್ವಾ?

ಮಣ್ಣಿನ ಮೇಷ್ಟ್ರು · ಬುಧವಾರ

ಈ ಮಣ್ಣನ್ನು ಸುಡಲೇಬೇಡಿ. ಅಷ್ಟು ಸಣ್ಣ ಬೆಂಕಿಯಲ್ಲಿ ಅದು ಸುಟ್ಟು ಹೋಗಲ್ಲ, ಆವಿಯಾಗಿ ಹೊಗೆಯಲ್ಲಿ ಏಳುತ್ತದೆ. ಹತ್ತಿರ ನಿಂತು ಕಡ್ಡಿ ನೂಕುವವರ ಮೂಗಿಗೇ ಬರುವುದು. ಕ್ಲೋರಿನ್ ಇರುವ ವಸ್ತು ಅರೆಬರೆ ಉರಿದರೆ ಇನ್ನೂ ಕೆಟ್ಟವು ಹುಟ್ಟಬಹುದು.

ಆದರೆ ನಿಮ್ಮ ಯೋಚನೆಯಲ್ಲಿ ಒಂದು ಒಳ್ಳೆ ಎಳೆ ಇದೆ. ಬೇರೆ ಕಡೆ, ಶುದ್ಧ ಕಟ್ಟಿಗೆಯಿಂದ ಆದ ಇದ್ದಿಲು ತಂದು ಪುಡಿಮಾಡಿ ಬೆರೆಸಿ. ಇದ್ದಿಲು ಇಂಥವನ್ನು ಗಟ್ಟಿಯಾಗಿ ಹಿಡಿಯುತ್ತದೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವೂ ಸೇರಲಿ. ಮಣ್ಣಿಗೆ ಹತ್ತಾರು ವರ್ಷ ಹಿಡಿಯುವ ಕೆಲಸಕ್ಕೆ ನಾವು ಸ್ವಲ್ಪ ಕೈಜೋಡಿಸಿದ ಹಾಗೆ. ಬೇರಿಗೂ ಎರೆಹುಳಕ್ಕೂ ಸಿಗುವ ಪಾಲು ಇಳಿಯುತ್ತದೆ. ಕೋಳಿಗೆ ಮಾತ್ರ ಇದನ್ನು ನೆಚ್ಚಿಕೊಂಡು ಬೇಲಿ ತೆಗೆಯಬೇಡಿ.

ಬೋರರ್ ಕಾಟದವಳು · ಗುರುವಾರ

ಅಂದ್ರೆ ಹಿಡಿದಿಡೋದು ಒಳ್ಳೇದೋ ಕೆಟ್ಟದ್ದೋ? ಬ್ಯಾಕ್ಟೀರಿಯಾಗೆ ಸಿಕ್ಕರೆ ತಾನೇ ಅದು ತಿಂದು ಮುಗಿಸೋದು? ನಾವು ಇದ್ದಿಲು ಹಾಕಿ ಬೀಗ ಹಾಕಿದ್ರೆ ಮೊಮ್ಮಕ್ಕಳ ಕಾಲಕ್ಕೂ ಅಲ್ಲೇ ಇರುತ್ತಲ್ಲ.

ರೈನ್ ದಂಡೆಯವ · ಗುರುವಾರ

ಹೌದು ಮೇಡಂ, ಇದಕ್ಕೆ ಪುಕ್ಕಟೆ ಉತ್ತರ ಇಲ್ಲ. ತಿನ್ನುವ ಬ್ಯಾಕ್ಟೀರಿಯಾ ಚುರುಕಾಗಿರುವ ವಸ್ತುವಾದರೆ ಬಿಡುಗಡೆ ಮಾಡಿಸಿ ತಿನ್ನಿಸುವುದು ಜಾಣತನ. ಡಿಡಿಇ, ಕ್ಲೋರ್ಡೆಕೋನ್ ಥರದವನ್ನು ತಿಂದು ಮುಗಿಸುವವರೇ ಇಲ್ಲ ಅನ್ನುವಷ್ಟು ಕಡಿಮೆ. ಬಿಡುಗಡೆ ಮಾಡಿಸಿದರೆ ಹಳ್ಳಕ್ಕೆ, ಮೀನಿಗೆ ಹೋಗುತ್ತದೆ. ಆಂಡೋಸಾಲ್‌ನಲ್ಲಿರುವ ಕ್ಲೋರ್ಡೆಕೋನ್ ತಾನಾಗಿ ತೊಳೆದು ಹೋಗಲು ಶತಮಾನಗಳು ಬೇಕು ಅಂತ ಲೆಕ್ಕ ಹಾಕಿದ್ದಾರೆ. ನನ್ನ ಮತ ಕೇಳಿದರೆ ಇವಕ್ಕೆ ಬೀಗವೇ ವಾಸಿ. ಆದರೆ ಬೀಗ ಹಾಕಿದ ಮೇಲೆ ಆ ಜಾಗ ಯಾವುದು ಅಂತ ಮನೆಯಲ್ಲಿ ಎಲ್ಲರಿಗೂ ನೆನಪಿರಬೇಕು. ಮೊಮ್ಮಕ್ಕಳು ಅಲ್ಲಿ ಕೋಳಿ ಬಿಟ್ಟರೆ ಮತ್ತೆ ಮೊದಲಿಂದ.

ಮಣ್ಣಿನ ಮೇಷ್ಟ್ರು · ಗುರುವಾರ

ತೋಟಿಗರೇ, ಸಾವಯವ ಸಂತೆಯವರು ನೇರವಾಗಿ ಹೇಳಿ ಅಂದಿದ್ದಾರೆ, ಹೇಳುತ್ತೇನೆ. ಆ ಜಾಗದಲ್ಲಿ ಗೆಣಸು, ಕೆಸು, ಮೂಲಂಗಿ, ಕ್ಯಾರೆಟ್ ಬೇಡ, ಗೆಡ್ಡೆಯ ಸಿಪ್ಪೆಗೆ ನೇರ ಅಂಟುತ್ತದೆ. ಸೌತೆ, ಕುಂಬಳದ ಬಳ್ಳಿಗಳು ಬೇಡ. ಹರಿವೆ, ಪಾಲಕ್ ಆದರೆ ಮಳೆಹನಿ ಬಿದ್ದು ಎಲೆಗೆ ಮಣ್ಣು ಸಿಡಿಯುತ್ತದೆ, ಅದೂ ಬೇಡ. ನೆಲದಿಂದ ಎತ್ತರಕ್ಕೆ ಕಾಯಿ ಬಿಡುವ ಬದನೆ, ಬೆಂಡೆ, ಟೊಮೆಟೊ, ಚಪ್ಪರದ ಅಲಸಂದೆ ಹಾಕಬಹುದು. ಬುಡಕ್ಕೆ ದಪ್ಪಗೆ ದರಗು ಹೊದಿಸಿ. ಇಳಿಜಾರಿಗೆ ಒಂದು ಸಣ್ಣ ಬದು ಕಟ್ಟಿ. ಕಣಕ್ಕೆ ಅಂಟಿದ್ದು ನೀರಲ್ಲಿ ಕರಗಿ ಹೋಗದಿದ್ದರೂ ಕಣದ ಸಮೇತ ಕೊಚ್ಚಿಕೊಂಡು ಹೋಗುತ್ತದೆ. ಗಡಿನಾಡಿನವರಿಗೆ ಹೇಳದೆ ಬಿಟ್ಟ ಅರ್ಧ ಮಾತು ಇದೇ ಇರಬೇಕು.

ಇನ್ನೊಂದು ಸಲ ದುಡ್ಡು ಖರ್ಚು ಮಾಡುವುದಾದರೆ ಮಣ್ಣು ಕಳಿಸಬೇಡಿ, ಮೊಟ್ಟೆ ಕಳಿಸಿ.

ಗಡಿನಾಡಿನವ · ಗುರುವಾರ

ಅದೇ ಮೇಷ್ಟ್ರೇ, ಅದೇ. ಕೆಂಪು ನೀರು ಹರಿದು ಬರುವುದನ್ನು ನಾವು ಕಣ್ಣಾರೆ ನೋಡಿದ್ದೇವೆ.

ಕೊಪ್ಪದ ತೋಟಿಗ · ಒಂದೂವರೆ ತಿಂಗಳ ನಂತರ

ಸುದ್ದಿ ಕೊಡಲು ತಡವಾಯ್ತು, ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಗಡಿಬಿಡಿ.

ಕೋಳಿಗೆ ಬಲೆ ಬೇಲಿ ಆಯ್ತು. ಮೊದಲ ವಾರ ಎರಡು ಹೇಂಟೆ ಹಾರಿ ಹೋಗುತ್ತಿದ್ದವು, ರೆಕ್ಕೆ ಕತ್ತರಿಸಿದೆವು. ಮೊಟ್ಟೆಯ ವರದಿ ಬಂತು. ಡಿಡಿಇ ಇದೆ. ನಮ್ಮ ಮನೆ ಮೊಟ್ಟೆಯಲ್ಲಿದೆ, ಅಕ್ಕನ ಮನೆಯಿಂದ ತಂದು ಕಳಿಸಿದ್ದರಲ್ಲಿ ಪತ್ತೆಯಾಗಿಲ್ಲ. ಸದ್ಯಕ್ಕೆ ಮಕ್ಕಳಿಗೆ ಅಕ್ಕನ ಮನೆ ಮೊಟ್ಟೆ. ಇದ್ದಿಲು, ಗೊಬ್ಬರ ಬೆರೆಸಿ ಬದನೆ, ಬೆಂಡೆ ಹಾಕಿದ್ದೇವೆ. ದರಗೂ ಹೊದಿಸಿದ್ದೇವೆ.

ಒಂದು ಫಜೀತಿ. ಗೊಬ್ಬರದಲ್ಲಿ ಬೀಜ ಬಂದಿರಬೇಕು, ಮೂಲೆಯಲ್ಲಿ ಒಂದು ಸಿಹಿಕುಂಬಳ ತಾನೇ ಹುಟ್ಟಿದೆ. ಯಾರೂ ನೆಟ್ಟದ್ದಲ್ಲ. ಬಳ್ಳಿ ಬೇಲಿ ಹತ್ತಿ ಎರಡು ಕಾಯಿ ಬಿಟ್ಟಿದೆ. ಕೀಳೋಣ ಅಂದರೆ ಅಮ್ಮ "ತಾನಾಗಿ ಹುಟ್ಟಿದ್ದನ್ನ ಕೀಳಬಾರದು" ಅಂತ ಅಡ್ಡ ನಿಂತಿದ್ದಾರೆ.

ರೈನ್ ದಂಡೆಯವ · ಅದೇ ದಿನ

ಕೀಳಬೇಡಿ, ತಿನ್ನಲೂಬೇಡಿ! ಒಂದು ಕಾಯಿ ಲ್ಯಾಬಿಗೆ ಕಳಿಸಿ. ಪಕ್ಕದಲ್ಲೇ ಇರುವ ಬದನೆಯೂ ಜೊತೆಗೆ ಹೋಗಲಿ. ಒಂದೇ ಮಣ್ಣು, ಎರಡು ಬೇರು. ಖರ್ಚಲ್ಲಿ ಅರ್ಧ ನಾನು ಕೊಡ್ತೀನಿ.

ಮಣ್ಣಿನ ಮೇಷ್ಟ್ರು · ಅದೇ ದಿನ

ಕಾಯಿಯನ್ನು ಮೊದಲು ಚೆನ್ನಾಗಿ ತೊಳೆಯಿರಿ. ಆಮೇಲೆ ಸಿಪ್ಪೆ ಒಂದು ಚೀಲ, ತಿರುಳು ಒಂದು ಚೀಲ, ಬೇರೆ ಬೇರೆ ಕಳಿಸಿ. ಚೀಲದ ಮೇಲೆ ಹೆಸರು ಬರೆಯುವುದು ಮರೆಯಬೇಡಿ. ಅಮ್ಮನಿಗೆ ನಮಸ್ಕಾರ ಹೇಳಿ.